ನಿಮಗಿದು ಗೊತ್ತೇ? ಕಾರ್ಡ್ ಸಾಲಕ್ಕೆ ಭಾನುವಾರವೂ ರಜೆಯಿಲ್ಲ

◆ ಕ್ರೆಡಿಟ್ ಕಾರ್ಡಿನ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಹಳೆ ಬಾಕಿ ಇರುವವರು ಸಂಬಳ ಬಂದ ದಿನವೇ ಕಟ್ಟಿದರೆ ಬೀಳುವ ಬಡ್ಡಿ ಬೇರೆ, ‘ಕೊನೇ ದಿನ ಇಪ್ಪತ್ತಲ್ವಾ, ನೋಡೋಣ’ ಎಂದು ಕಾದರೆ ಬೀಳುವ ಬಡ್ಡಿ ಬೇರೆ. ಆಫೀಸಿನ ಮೀಟಿಂಗು, ಮಗಳ ಪರೀಕ್ಷೆ, ಅಪ್ಪನ ಶುಗರ್ ಟೆಸ್ಟು ಇವುಗಳ ನಡುವೆ ತಾರೀಕು ಮರೆಯುವವರಿಂದಲೇ ಈ ವ್ಯಾಪಾರ ಚೆನ್ನಾಗಿ ನಡೆಯುವುದು.

◆ ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಅಷ್ಟೇ ಅಲ್ಲ, ಕಾರ್ಡಿನ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯೂ ಇದೆ. ಅದನ್ನು ಸೇರಿಸಿದರೆ ತಿಂಗಳಿಗೆ ಶೇ 4.13. ಚಕ್ರಬಡ್ಡಿ ಬಿಟ್ಟು ಸರಳವಾಗಿ ಗುಣಿಸಿದರೂ ವರ್ಷಕ್ಕೆ ಶೇ 49 ದಾಟುತ್ತದೆ. ಕರ್ನಾಟಕದಲ್ಲಿ ಪರವಾನಗಿ ಪಡೆದ ಲೇವಾದೇವಿಗಾರರು ಅಡಮಾನದ ಸಾಲಕ್ಕೆ ವರ್ಷಕ್ಕೆ ಶೇ 14, ಅಡಮಾನವಿಲ್ಲದ ಸಾಲಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಕೇಳುವಂತಿಲ್ಲ. ‘ನೂರಕ್ಕೆ ಮೂರೂವರೆ’ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದಿದ್ದರೆ ನಮ್ಮ ಅಜ್ಜಿಯರು ನೀರೂ ಕೊಡದೆ ಕಳಿಸುತ್ತಿದ್ದರು. ಬ್ಯಾಂಕುಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ.

◆ ಮಿತಿ ಹಾಕುವ ಪ್ರಯತ್ನ ನಡೆಯದೇ ಇರಲಿಲ್ಲ. ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

◆ ಬಿಲ್ಲಿನಲ್ಲಿ ಕಾಣುವ ‘ಮಿನಿಮಮ್ ಡ್ಯೂ’ ಕಟ್ಟುತ್ತ ಹೋದರೆ ಏನಾಗುತ್ತದೆ? ಲೆಕ್ಕ ಹಾಕಿಯೇ ನೋಡೋಣ. ಬಾಕಿ 1 ಲಕ್ಷ ರೂಪಾಯಿ, ಕನಿಷ್ಠ ಮೊತ್ತ ಶೇ 5, ಬಡ್ಡಿ ಮೇಲೆ ಹೇಳಿದಷ್ಟೇ. ವರ್ಷವಿಡೀ ಹೊಸದಾಗಿ ಒಂದು ರೂಪಾಯಿಯನ್ನೂ ಉಜ್ಜಿಲ್ಲ, ಒಂದು ಕಂತನ್ನೂ ತಪ್ಪಿಸಿಲ್ಲ. ಹನ್ನೆರಡು ಕಂತುಗಳಲ್ಲಿ ನೀವು ಕಟ್ಟಿದ್ದು ಸುಮಾರು 56,500 ರೂಪಾಯಿ. ಮುಂದಿನ ಬಿಲ್ಲಿನಲ್ಲಿ ಉಳಿದಿರುವ ಬಾಕಿ ಸುಮಾರು 87,800. ಅಂದರೆ ಸಾಲ ಕರಗಿದ್ದು ಹನ್ನೆರಡು ಸಾವಿರ ಚಿಲ್ಲರೆ, ಮಿಕ್ಕಿದ್ದೆಲ್ಲ ಬಡ್ಡಿ ಮತ್ತು ತೆರಿಗೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಮುದ್ರಿಸಿರುತ್ತಾರೆ. ಬಿಲ್ಲಿನ ಆ ಪುಟದವರೆಗೆ ಹೋಗುವವರು ಎಷ್ಟು ಜನ ಎನ್ನುವುದು ಬೇರೆ ಮಾತು.

◆ ಅದೇ 1 ಲಕ್ಷಕ್ಕೆ ತಿಂಗಳಿಗೆ 10,000ದಂತೆ ಬಿಗಿಯಾಗಿ ಕಟ್ಟಿದರೆ ಹದಿಮೂರನೇ ಕಂತಿಗೆ ಸಾಲ ಮುಗಿಯುತ್ತದೆ, ಒಟ್ಟು ಖರ್ಚು ಸುಮಾರು 1,24,800. ಬೀರುವಿನಲ್ಲಿರುವ ಬಳೆಯನ್ನು ವರ್ಷಕ್ಕೆ ಶೇ 12ರ ಬಡ್ಡಿಗೆ ಅಡವಿಟ್ಟು ಕಾರ್ಡನ್ನು ಒಮ್ಮೆಲೇ ತೀರಿಸಿ, ಬಳೆಯ ಸಾಲಕ್ಕೆ ಅದೇ 10,000 ಕಟ್ಟುತ್ತ ಬಂದರೆ? ಬಡ್ಡಿ ಸೇರಿ 1,04,800ರ ಆಸುಪಾಸು. ಒಡವೆ ಅಡವಿಡುವುದನ್ನು ಅವಮಾನ ಎನ್ನುವ ಮನೆಗಳಲ್ಲಿ ಕಾರ್ಡಿನ ಬಡ್ಡಿ ಸದ್ದಿಲ್ಲದೆ ಇಪ್ಪತ್ತು ಸಾವಿರ ಹೆಚ್ಚಿಗೆ ತಿನ್ನುತ್ತದೆ. ಆದರೆ ಖಾಲಿಯಾದ ಕಾರ್ಡನ್ನು ಮತ್ತೆ ಉಜ್ಜಲು ಶುರುಮಾಡುವವರಿಗೆ ಈ ದಾರಿ ಬೇಡ. ಕಾರ್ಡೂ ತುಂಬುತ್ತದೆ, ಬಳೆಯೂ ಬ್ಯಾಂಕಿನಲ್ಲೇ ಉಳಿಯುತ್ತದೆ.

◆ ಹಳೆ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಇರುವುದಿಲ್ಲ. ಈ ಬೆಳಿಗ್ಗೆ ತಂದ ಹಾಲು, ಮಾತ್ರೆಗೂ ಇವತ್ತಿನಿಂದಲೇ ಬಡ್ಡಿ ಓಡುತ್ತದೆ. ಆದ್ದರಿಂದ ಸಾಲ ತೀರಿಸುವ ತಿಂಗಳುಗಳಲ್ಲಿ ದಿನಸಿ, ಔಷಧಿಯ ಖರ್ಚನ್ನೆಲ್ಲ ಖಾತೆಯಲ್ಲಿರುವ ಹಣದಲ್ಲಿ, ಯುಪಿಐ ಮೂಲಕವೋ ಡೆಬಿಟ್ ಕಾರ್ಡ್ ಮೂಲಕವೋ ಮಾಡುವುದೇ ಲೇಸು.

◆ ಆಟೊ ಡೆಬಿಟ್ ಹಾಕಿದ್ದೀರಾ? ಪೂರ್ತಿ ಮೊತ್ತಕ್ಕೋ, ಕನಿಷ್ಠ ಮೊತ್ತಕ್ಕೋ ಒಮ್ಮೆ ನೋಡಿಬಿಡಿ. ಎರಡೂ ಆಯ್ಕೆಗಳು ಫಾರಂನಲ್ಲಿ ಅಕ್ಕಪಕ್ಕವೇ ಇರುತ್ತವೆ.

◆ ಸಂಬಳ ತಿಂಗಳ ಕೊನೆಗೆ, ಬಿಲ್ಲಿನ ಗಡುವು 22ಕ್ಕೆ. ಈ ಪೇಚಾಟವನ್ನು ಅನುಭವಿಸಲೇಬೇಕೆಂದಿಲ್ಲ. ಬಿಲ್ಲಿಂಗ್ ಸೈಕಲ್ಲನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಗಡುವು ದಾಟಿ ಮೂರು ದಿನ ಕಳೆಯುವವರೆಗೆ ತಡಪಾವತಿ ಶುಲ್ಕ ಹಾಕುವಂತಿಲ್ಲ, ಕ್ರೆಡಿಟ್ ಬ್ಯೂರೋಗೆ ‘ಬಾಕಿದಾರ’ ಎಂದು ವರದಿ ಮಾಡುವಂತೆಯೂ ಇಲ್ಲ. ಬ್ಯೂರೋಗಳಿಗೆ ಬ್ಯಾಂಕುಗಳ ಮಾಹಿತಿ ಹೋಗುವುದು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ. ತಪ್ಪಿದರೂ ಬೇಗ ಗೊತ್ತಾಗುತ್ತದೆ, ಸರಿಪಡಿಸಿಕೊಂಡರೂ ಬೇಗ ಗೊತ್ತಾಗುತ್ತದೆ.

◆ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಮೊದಲು ಹೊರಬರುವುದು ಕಾರ್ಡೇ. ಉಜ್ಜುವ ಮುನ್ನ ಆಸ್ಪತ್ರೆಯ ಕೌಂಟರಿನಲ್ಲಿ ಒಂದು ಮಾತು ಕೇಳಿ: ಇಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆಯೇ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಸಂಬಳದಾರರಲ್ಲಿ ಎಷ್ಟೋ ಮಂದಿ ‘ಅದೆಲ್ಲ ನಮಗಲ್ಲ’ ಎಂದುಕೊಂಡೇ ಈ ಎರಡನೆಯ ಭಾಗವನ್ನು ಕಳೆದುಕೊಳ್ಳುತ್ತಾರೆ.

◆ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ವಿಮೆಯಿಲ್ಲದೆ ಆಸ್ಪತ್ರೆಗೆ ಉಜ್ಜಿದ ಕಾರ್ಡಿನ ಬಡ್ಡಿಯ ಮೇಲೆ ಮಾತ್ರ ಆ ಶೇ 18 ಹಾಗೆಯೇ ಇದೆ.

◆ ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಿಂದ ನಗದು ತೆಗೆದರೆ ಒಂದು ದಿನದ ವಿನಾಯಿತಿಯೂ ಇಲ್ಲ. ತೆಗೆದ ಕ್ಷಣದಿಂದ ಬಡ್ಡಿ, ಮೇಲೆ ಪ್ರತ್ಯೇಕ ಶುಲ್ಕ.

◆ ಬಾಕಿಯಿರುವ ಕಾರ್ಡುಗಳು ಎರಡು ಮೂರು ಇದ್ದರೆ ಯಾವುದನ್ನು ಮೊದಲು ತೀರಿಸಬೇಕು? ಗಣಿತ ಕೇಳಿದರೆ ಬಡ್ಡಿ ಹೆಚ್ಚಿರುವುದನ್ನು. ಆದರೆ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡದ್ದು ಇದು: ಸಣ್ಣ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದವರೇ ಕೊನೆಗೆ ಪೂರ್ತಿ ಸಾಲಮುಕ್ತರಾಗುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಕಾರ್ಡಿನಿಂದ ಕಾರ್ಡಿಗೆ ಬಡ್ಡಿಯ ವ್ಯತ್ಯಾಸ ಬಹಳವೇನಿಲ್ಲ. ಹಾಗಾಗಿ ಸಣ್ಣದನ್ನು ಮೊದಲು ಮುಗಿಸಿದರೆ ನಷ್ಟ ಕಡಿಮೆ, ತಿಂಗಳಿಗೆ ನೆನಪಿಡಬೇಕಾದ ತಾರೀಕೂ ಒಂದು ಕಡಿಮೆ.

◆ 1958ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಅಮೆರಿಕ, ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಮಂದಿಗೆ ಯಾರೂ ಕೇಳದಿದ್ದರೂ ಅಂಚೆಯಲ್ಲಿ ಕಾರ್ಡ್ ಕಳಿಸಿತ್ತು. ಭಾರತದಲ್ಲಿ ಈಗ ಹಾಗೆ ಕೇಳದೆ ಕಾರ್ಡ್ ಕೊಟ್ಟು, ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ ಹಾಕಿದರೆ, ಬ್ಯಾಂಕು ಆ ಬಿಲ್ಲನ್ನು ರದ್ದುಮಾಡಿ ಅದರ ಎರಡರಷ್ಟು ದಂಡವನ್ನು ಗ್ರಾಹಕರಿಗೆ ಕೊಡಬೇಕು.

◆ ಹೆಂಡತಿಗೋ ಮಗನಿಗೋ ಕೊಡಿಸಿದ ಆ್ಯಡ್-ಆನ್ ಕಾರ್ಡಿನ ಸಾಲವೂ ಮೂಲ ಕಾರ್ಡುದಾರರದ್ದೇ. ಕಾರ್ಡುದಾರರು ತೀರಿಕೊಂಡರೆ ಬ್ಯಾಂಕು ಅವರು ಬಿಟ್ಟುಹೋದ ಆಸ್ತಿಯಿಂದ ವಸೂಲಿ ಕೇಳಬಹುದು. ಜಾಮೀನು ನಿಲ್ಲದ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕೆಂದಿಲ್ಲ.

◆ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ತೆಗೆಯುವಂತಿಲ್ಲ, ನಿಮ್ಮ ಅಣ್ಣನನ್ನೋ ಸ್ನೇಹಿತರನ್ನೋ ಪೀಡಿಸುವಂತಿಲ್ಲ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದೆ. ‘ಜೈಲಿಗೆ ಹಾಕಿಸ್ತೀವಿ’ ಎಂಬ ಮಾತಿಗೂ ಹೆದರಬೇಕಿಲ್ಲ. ವಂಚನೆ, ಚೆಕ್ ಬೌನ್ಸ್ ಇಲ್ಲದೆ ಬರೀ ಬಾಕಿ ಉಳಿದರೆ ಅದು ಸಿವಿಲ್ ವ್ಯಾಜ್ಯ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ.

◆ ಸಾಲದ ಚಿಂತೆಗೆ ನಿದ್ದೆ ಬಾರದಿದ್ದರೆ 14416. ಇದು ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ದೇಶಕ್ಕೆಲ್ಲ ಇದರ ನೋಡಲ್ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

◆ ‘ಅರ್ಧ ಕಟ್ಟಿ, ಮುಗಿಸಿಬಿಡ್ತೀವಿ’ ಎಂಬ ಸೆಟಲ್‌ಮೆಂಟ್ ಸವಿಯಾಗಿ ಕೇಳಿಸುತ್ತದೆ. ಆದರೆ ಕ್ರೆಡಿಟ್ ವರದಿಯಲ್ಲಿ ಖಾತೆಯ ಮುಂದೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ನಾಳೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ಬೆರಳಿಡುವುದು ಅಲ್ಲಿಗೇ. ಬೇರೆ ದಾರಿಯೇ ಇಲ್ಲದವರು ಮಾತ್ರ ಒಪ್ಪಬೇಕು, ಅದೂ ಬ್ಯಾಂಕಿನ ಸೆಟಲ್‌ಮೆಂಟ್ ಪತ್ರ ಕೈಗೆ ಬಂದ ಮೇಲೆ.

◆ ಬಿಲ್ ಪೂರ್ತಿ ಕಟ್ಟಿ ನಿಟ್ಟುಸಿರು ಬಿಟ್ಟ ಮರು ತಿಂಗಳು ಇನ್ನೂರೋ ಮುನ್ನೂರೋ ರೂಪಾಯಿಯ ಬಿಲ್ ಬಂದರೆ ಬೆಚ್ಚಬೇಡಿ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಅದನ್ನೂ ಕಟ್ಟಿ, ಬೇಡವೆನಿಸಿದರೆ ಕಾರ್ಡ್ ಮುಚ್ಚಲು ಹೇಳಿ. ಬಾಕಿ ಇಲ್ಲದಿದ್ದರೆ ಬ್ಯಾಂಕು 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿ ದಂಡ, ಈ ಬಾರಿ ಕೊಡಬೇಕಾದದ್ದು ಬ್ಯಾಂಕು, ಪಡೆಯುವವರು ನೀವು. ಅಂಚೆಯಲ್ಲೇ ಪತ್ರ ಕಳಿಸಿ ಎಂದು ಪಟ್ಟು ಹಿಡಿಯುವಂತೆಯೂ ಇಲ್ಲ. ಇಮೇಲ್, ಆ್ಯಪ್, ಫೋನು, ಯಾವುದರಲ್ಲಿ ಹೇಳಿದರೂ ನಡೆಯಬೇಕು.