ಬಲೆಯ ಬೆಳಕಿಗೆ ಬೇರಿಲ್ಲ



ಒಂದು ಶ್ರಾವಣದಲ್ಲಿ ಹಿರಿಯ ರೈತರೊಬ್ಬರು ಶ್ರೀಮಠಕ್ಕೆ ಬಂದು ಕಣ್ಣೀರು ಹಾಕಿದರು. ವರ್ಷದಲ್ಲಿ ಇಮ್ಮಡಿಯಾಗುತ್ತದೆಂಬ ಮಾತು ನಂಬಿ, ಶೇಂಗಾ ಮಾರಿದ ಹಣವನ್ನೆಲ್ಲ ಯಾರದೋ ಕೈಗೆ ಕೊಟ್ಟು ಕಳೆದುಕೊಂಡಿದ್ದರು. "ಅಜ್ಜಾರ, ನಾ ಲೆಕ್ಕ ಬಲ್ಲವ. ಕಣ್ಣ ತೆರೆದಿದ್ರೂ ಹ್ಯಾಂಗ ಬಿದ್ದೆ? ಮಕ್ಕಳ ಮುಂದ ಹೇಳಾಕ ನಾಚಿಕಿ ಆಗ್ತೈತಿ" ಎಂದರು. ನಾವು ಅವರನ್ನು ಹೂದೋಟದ ಬೇಲಿಯ ಬಳಿಗೆ ಕರೆದೊಯ್ದೆವು.

ಅಲ್ಲೊಂದು ಜೇಡ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಗುಣಾಕಾರದ ಗುರುತಿನಂತೆ ಬಲೆಯ ನಡುವೆ ತಲೆಕೆಳಗಾಗಿ ಕುಳಿತಿತ್ತು. ವಿಜ್ಞಾನಿಗಳು ಈ ಕುಲವನ್ನು ಆರ್ಜಿಯೋಪ್ ಎನ್ನುತ್ತಾರೆ. ಬಲೆಯ ಉಳಿದ ಎಳೆಗಳು ಕಂಡೂ ಕಾಣದಷ್ಟು ನವಿರು. ನಡುವೆ ಮಾತ್ರ ಅಂಕುಡೊಂಕಾದ ಬಿಳಿ ಪಟ್ಟಿಗಳು. ಅಡಗಿ ಹಿಡಿಯುವವನು ಹೀಗೆ ತೋರಿಸಿಕೊಳ್ಳುವುದೇಕೆ?

ಆ ನೂಲು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಪ್ರತಿಫಲಿಸುತ್ತದೆ. ಜೇನುನೊಣಕ್ಕೆ ಆ ಬೆಳಕು ಕಾಣುತ್ತದೆ. ಅನೇಕ ಹೂಗಳು ಅದರ ಗುರುತಿನಿಂದಲೇ ಅದನ್ನು ಕರೆಯುತ್ತವೆ. ಇಂಥ ಪಟ್ಟಿಯುಳ್ಳ ಬಲೆಗೆ ಕೀಟಗಳು ಹೆಚ್ಚಾಗಿ ಬರುತ್ತವೆಂದು ಕ್ರೇಗ್ ಮತ್ತು ಬರ್ನಾರ್ಡ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದರು. ಹಕ್ಕಿಗಳು ಬಲೆ ಹರಿಯದಿರಲೆಂದು ಈ ಗುರುತು ಎನ್ನುವವರೂ ಉಂಟು.

ಬಿದ್ದ ಕೀಟವನ್ನು ಅಂಟಿನ ಸುರುಳಿ ಎಳೆ ಹಿಡಿಯುತ್ತದೆ. ಅದು ಒದ್ದಾಡಿದ ನಡುಕವೇ ಜೇಡಕ್ಕೆ ಸುದ್ದಿ. ಜೇಡ ಓಡಿಬಂದು ನೂಲಿನಿಂದ ಸುತ್ತುತ್ತದೆ, ಆಮೇಲೆ ಕಚ್ಚುತ್ತದೆ.

"ನೋಡಿದಿರಾ? ನೊಣದ ಕಣ್ಣು ಕುರುಡಲ್ಲ. ಅದು ನಂಬಿದ ಗುರುತನ್ನೇ ಜೇಡ ಬಳಸಿತು" ಎಂದೆವು. ಜೇಡಕ್ಕೆ ಅದು ಹೊಟ್ಟೆಯ ಪಾಡು, ಪಾಪವಲ್ಲ. ವಿವೇಕವುಳ್ಳ ಮನುಷ್ಯ ಮನುಷ್ಯನಿಗೇ ಬಲೆ ನೇಯ್ದರೆ ಅದು ಪಾಪ.

ಇನ್ನೊಂದು ಮಾತುಂಟು. ತಪ್ಪಿಸಿಕೊಂಡ ಜೇನುನೊಣ ಅಂಥ ಗುರುತಿನ ಬಲೆಯಿಂದ ದೂರವಿರಲು ಕಲಿಯುತ್ತದೆ. ಆದರೆ ಜೇಡ ದಿನಕ್ಕೊಂದು ಬಗೆಯಲ್ಲಿ ಪಟ್ಟಿಯನ್ನು ಬದಲಿಸುತ್ತದೆ. ಆದ್ದರಿಂದ ಒಂದು ಬಲೆಯನ್ನು ಅರಿತರೆ ಸಾಲದು. ಹೂವಿಗೆ ತೊಟ್ಟುಂಟು, ಗಿಡವುಂಟು, ಬೇರುಂಟು. ಬಲೆಯ ಬೆಳಕಿಗೆ ಬೇರಿಲ್ಲ. ಲಾಭ ತೋರಿಸಿದವನನ್ನು, ಈ ಲಾಭ ಯಾವ ದುಡಿಮೆಯಿಂದ ಹುಟ್ಟುತ್ತದೆ ಎಂದು ಕೇಳಿರಿ. ಬೇರು ತೋರಿಸದಿದ್ದರೆ ಎದ್ದು ಬನ್ನಿರಿ.

ಆ ಹಿರಿಯರು ಅಂದು ಸಂಜೆಯೇ ಮಕ್ಕಳಿಗೆ ಎಲ್ಲವನ್ನೂ ಹೇಳಿದರು. ಮುಂದಿನ ಸೋಮವಾರ ದಾಸೋಹದ ಪಂಕ್ತಿಯಲ್ಲಿ ನಿಂತು ಊರವರಿಗೂ ಹೇಳಿದರು. ಹಣ ಕೊಡಲು ಹೊರಟಿದ್ದ ಇಬ್ಬರು ಅಲ್ಲಿಯೇ ನಿಂತರು. ಬಿದ್ದವನು ಬಾಯಿ ಬಿಟ್ಟರೆ ಉಳಿದವರು ಬದುಕುತ್ತಾರೆ. ನಾಚಿಕೆ ಬೇಡ, ಹೇಳಿರಿ.

ಸರ್ವರಿಗೂ ಸನ್ಮಂಗಳವಾಗಲಿ.