ಒಂದೇ ಮನೆಯ ಸಾಬೂನುಗಳು

ಅಂಗಡಿಯ ಮುಂದೆ ನಿಂತು ಎರಡು ಸಾಬೂನುಗಳಲ್ಲಿ ಯಾವುದು ಮೇಲೆಂದು ತೂಗಿನೋಡುವ ಗೃಹಸ್ಥನು, ಅವೆರಡನ್ನೂ ಮಾಡುವವರು ಪರಸ್ಪರ ಸ್ಪರ್ಧಿಗಳೆಂದೇ ಭಾವಿಸಿರುತ್ತಾನೆ. ಒಂದರ ಹೊದಿಕೆ ಕೆಂಪು, ಮತ್ತೊಂದರದು ಹಸುರು; ಒಂದು ಸೌಂದರ್ಯವನ್ನು ವಾಗ್ದಾನಮಾಡುವುದು, ಮತ್ತೊಂದು ಆರೋಗ್ಯವನ್ನು. ಆದರೆ ಹೊದಿಕೆಯ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕವೇರಿಸಿ ಓದಿದರೆ, ಎರಡರ ಮೇಲೂ ಒಬ್ಬನೇ ತಯಾರಕನ ಹೆಸರಿರುವುದು ಅನೇಕ ಸಲ ಕಂಡುಬರುವುದು. ಒಬ್ಬನೇ ವರ್ತಕನು ತನ್ನ ಒಂದು ಸರಕನ್ನು ತನ್ನದೇ ಆದ ಇನ್ನೊಂದರ ಮೇಲೆ ಕಾದಾಡಲು ಬಿಡುವುದೇಕೆ? ಇದು ಕೊಳ್ಳುವವರಿಗೆ ಮಾಡುವ ವಂಚನೆಯೇ, ಅಥವಾ ವ್ಯಾಪಾರದ ನೀತಿಯೇ? ಈ ವಿಷಯವಾಗಿ ನಮಗೆ ತಿಳಿದಷ್ಟನ್ನು ವಾಚಕರಲ್ಲಿ ವಿಜ್ಞಾಪಿಸುತ್ತೇವೆ.

ನಮ್ಮ ಜನರು ‘ಮಾರ್ಕು’ ಎಂದು ಕರೆಯುವುದನ್ನೇ ಇಂಗ್ಲಿಷಿನವರು ‘ಬ್ರಾಂಡ್’ ಎನ್ನುತ್ತಾರೆ. ಆ ಶಬ್ದದ ಮೂಲಾರ್ಥವು ಸುಡುವುದೆಂದು. ದನಕರುಗಳ ಮೈಮೇಲೆ ಕಾದ ಕಬ್ಬಿಣದಿಂದ ಒಡೆಯನ ಗುರುತನ್ನು ಒತ್ತುತ್ತಿದ್ದುದರಿಂದ ಅದು ಈ ಅರ್ಥಕ್ಕೆ ಬಂದಿತು. ಒಡೆಯನು ಇಂಥವನೆಂದು ಸಾರಲು ಹುಟ್ಟಿದ ಗುರುತು ಇಂದು ಒಡೆಯನನ್ನು ಮರೆಮಾಡುವುದಕ್ಕೂ ಒದಗುತ್ತಿರುವುದು ಶಬ್ದಗಳ ವಿಚಿತ್ರಗತಿಗಳಲ್ಲೊಂದು.

ಈ ಪದ್ಧತಿಯು ಶಾಸ್ತ್ರರೂಪವನ್ನು ತಾಳಿದುದು ಅಮೆರಿಕದ ಸಿನ್‌ಸಿನಾಟಿ ನಗರದಲ್ಲಿ. ಅಲ್ಲಿ ವಿಲಿಯಂ ಪ್ರಾಕ್ಟರ್ ಎಂಬ ಮೇಣದಬತ್ತಿಯ ತಯಾರಕನೂ ಜೇಮ್ಸ್ ಗ್ಯಾಂಬಲ್ ಎಂಬ ಸಾಬೂನಿನ ತಯಾರಕನೂ ಇದ್ದರು. ಇವರಿಬ್ಬರೂ ಷಡ್ಡಕರು. ಇಬ್ಬರಿಗೂ ಬೇಕಾದುದು ಕೊಬ್ಬೇ. ಬೇರೆಬೇರೆಯಾಗಿ ಕೊಳ್ಳುವುದೇಕೆಂದು ಮಾವನು ಬುದ್ಧಿ ಹೇಳಲು, 1837ರಲ್ಲಿ ಅಳಿಯಂದಿರು ಪಾಲುದಾರರಾದರು. ಈ ಮನೆತನಕ್ಕೆ ಕೀರ್ತಿಯನ್ನು ತಂದುದು 1879ರಲ್ಲಿ ಹೊರಬಂದ ‘ಐವರಿ’ ಎಂಬ ಬಿಳಿಯ, ನೀರಿನಲ್ಲಿ ತೇಲುವ ಸಾಬೂನು. ಬಳಿಕ 1926ರಲ್ಲಿ ಪರಿಮಳಯುಕ್ತವಾದ ‘ಕ್ಯಾಮೆ’ಯು ಜನಿಸಿತು. ಆದರೆ ದೊಡ್ಡ ಆಲದ ನೆರಳಿನಲ್ಲಿ ಸಸಿಯು ಏಳದಿರುವಂತೆ, ಐವರಿಯ ನೆರಳಿನಲ್ಲಿ ಕ್ಯಾಮೆಯು ಏಳಲಿಲ್ಲ. ಅದರ ಪ್ರಚಾರವನ್ನು ನೋಡಿಕೊಳ್ಳುತ್ತಿದ್ದವನು ನೀಲ್ ಮೆಕಲ್‌ರಾಯ್ ಎಂಬ ಇಪ್ಪತ್ತಾರು ವಯಸ್ಸಿನ ತರುಣ. ಅಣ್ಣನಿಗೆ ನೋವಾದೀತೆಂದು ತಮ್ಮನ ಕೈ ಕಟ್ಟಿಹಾಕಿದ್ದಾರೆಂಬುದು ಅವನ ವ್ಯಥೆ.

1931ನೆಯ ಇಸವಿ ಮೇ 13ನೆಯ ತಾರೀಖು ಅವನು ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿಯನ್ನು ಬರೆದನು. ಆ ಸಂಸ್ಥೆಯ ಅಧ್ಯಕ್ಷರು ಒಂದು ಪುಟವನ್ನು ಮೀರಿದ ಬರೆಹವನ್ನು ಸಹಿಸುತ್ತಿರಲಿಲ್ಲವೆಂದು ಪ್ರತೀತಿ. ಇದೋ ಮೂರು ಪುಟ! ಅದರ ಸಾರವಿಷ್ಟು: ಪ್ರತಿಯೊಂದು ಮಾರ್ಕಿಗೂ ಒಬ್ಬ ಪ್ರತ್ಯೇಕ ಯಜಮಾನನಿರಬೇಕು, ಅವನಿಗೆ ಸಹಾಯಕರಿರಬೇಕು. ಯಾವ ಸೀಮೆಗೆ ಎಷ್ಟು ಪೆಟ್ಟಿಗೆ ಹೋಗುತ್ತಿದೆಯೆಂಬುದನ್ನು ಅವನು ಪರಿಶೀಲಿಸಬೇಕು. ಎಲ್ಲಿ ವ್ಯಾಪಾರ ಚೆನ್ನಾಗಿದೆಯೋ ಅಲ್ಲಿಯ ಕಾರಣವನ್ನು ತಿಳಿದು, ಅದೇ ಉಪಾಯವನ್ನು ಬೇರೆಡೆಯಲ್ಲಿಯೂ ಪ್ರಯೋಗಿಸಬೇಕು. ಎಲ್ಲಿ ಕುಗ್ಗಿದೆಯೋ ಅಲ್ಲಿಗೆ ತಾನೇ ಹೋಗಿ ಅಂಗಡಿಯವರನ್ನೂ ಬಳಸುವವರನ್ನೂ ಮಾತನಾಡಿಸಿ ರೋಗವನ್ನು ಕಂಡುಹಿಡಿಯಬೇಕು. ಚಿಕಿತ್ಸೆಗೆ ತಗಲುವ ವೆಚ್ಚವನ್ನು ಲೆಕ್ಕಹಾಕಿ ಕೇಳಬೇಕು. ಕೊಟ್ಟಮೇಲೆ ಫಲವೇನಾಯಿತೆಂಬುದಕ್ಕೆ ಉತ್ತರವಾದಿಯಾಗಿರಬೇಕು. ಪುಟದ ಮಿತಿಯನ್ನು ಮೀರಿದರೂ ಟಿಪ್ಪಣಿಯು ಅಂಗೀಕೃತವಾಯಿತು. ಅಂದಿನಿಂದ ಒಂದೇ ಸೂರಿನ ಕೆಳಗೆ ಐವರಿಯ ಯಜಮಾನನೂ ಕ್ಯಾಮೆಯ ಯಜಮಾನನೂ ಹೊರಗಿನ ಶತ್ರುಗಳಂತೆಯೇ ಸೆಣಸಾಡತೊಡಗಿದರು.

ನಮ್ಮ ಅವಿಭಕ್ತ ಕುಟುಂಬವನ್ನು ನೆನೆದರೆ ಇದರ ಮರ್ಮ ತಿಳಿದೀತು. ಹೊಲ ಒಂದೇ, ಕಣಜ ಒಂದೇ, ಹಿರಿಯನೊಬ್ಬನೇ. ಆದರೆ ಯಾರ ದುಡಿಮೆಗೆ ಎಷ್ಟು ಫಲವೆಂಬುದು ಯಾರಿಗೂ ತಿಳಿಯದು. ಮೆಕಲ್‌ರಾಯನು ಆಸ್ತಿಯನ್ನು ಪಾಲುಮಾಡದೆ ಹೊಣೆಯನ್ನು ಮಾತ್ರ ಪಾಲುಮಾಡಿದನು. ಕಾರ್ಖಾನೆಯೂ ಮಾರಾಟದ ಪರಿವಾರವೂ ಎಲ್ಲರಿಗೂ ಸಾಮಾನ್ಯ. ಅವರಾರೂ ಮಾರ್ಕಿನ ಯಜಮಾನನ ಕೈಕೆಳಗಿನವರಲ್ಲ. ಹೊಣೆಯುಂಟು, ಆಜ್ಞಾಪಿಸುವ ಅಧಿಕಾರವಿಲ್ಲ. ಉಪಾಧ್ಯಾಯರು ಹೊರಗೆ ಹೋದಾಗ ತರಗತಿಯನ್ನು ಸುಮ್ಮನಿರಿಸಬೇಕಾದ ಮಾನಿಟರನ ಪಾಡು ಇದೇ ಅಲ್ಲವೆ? ಬೆತ್ತವಿಲ್ಲದೆ ಬಾಯಿಮಾತಿನಿಂದ ಕೆಲಸ ಸಾಧಿಸುವವನೇ ಮುಂದೆ ನಿಜವಾದ ಯಜಮಾನನಾಗುವನೆಂಬುದನ್ನು ಆ ಕಂಪನಿಗಳು ಕಂಡುಕೊಂಡವು. ಮೆಕಲ್‌ರಾಯನೇ 1948ರಲ್ಲಿ ಸಂಸ್ಥೆಯ ಅಧ್ಯಕ್ಷನಾದನು. 1957ರಿಂದ 1959ರವರೆಗೆ ಅಮೆರಿಕದ ರಕ್ಷಣಾಮಂತ್ರಿಯೂ ಆಗಿದ್ದನು. ಸಾಬೂನಿನಿಂದ ಸೈನ್ಯಕ್ಕೆ!

ಆದರೆ ಈ ವ್ಯವಸ್ಥೆಗೆ ದೋಷಗಳಿಲ್ಲದಿಲ್ಲ. ಪ್ರತಿಯೊಬ್ಬನೂ ತನ್ನ ಮಾರ್ಕನ್ನೇ ಕಾಣುವನು. ಮನೆಯ ಒಟ್ಟು ಲೆಕ್ಕ ಕಾಣುವವರಿಲ್ಲ. ಆದುದರಿಂದಲೇ 1987ರಲ್ಲಿ ಪ್ರಾಕ್ಟರ್ ಗ್ಯಾಂಬಲ್ಲಿನವರು ಒಂದೊಂದು ಜಾತಿಯ ಸರಕಿಗೆಲ್ಲ ಒಬ್ಬ ಹಿರಿಯನನ್ನು ಮಾರ್ಕಿನ ಯಜಮಾನರ ಮೇಲೆ ಕೂರಿಸಿದರು. ಇನ್ನೊಂದು ದೋಷವೆಂದರೆ ಹೆಸರುಗಳ ಸಂತಾನವೃದ್ಧಿ. ಆ ಸಂಸ್ಥೆಯ ಪ್ರಬಲ ಪ್ರತಿಸ್ಪರ್ಧಿಯಾದ ಯೂನಿಲಿವರ್, ಇಂಗ್ಲೆಂಡಿನ ಲಿವರ್ ಸೋದರರ ಸಾಬೂನಿನ ಮನೆಯೂ ಹಾಲೆಂಡಿನ ಮಾರ್ಗರೀನಿನ ಮನೆಯೂ 1930ರಲ್ಲಿ ಒಂದುಗೂಡಿ ಆದದ್ದು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ಮಾರ್ಕುಗಳು ಸುಮಾರು 1,600. ಅವುಗಳಲ್ಲಿ 400ನ್ನು ಮಾತ್ರ ಮುಂದಕ್ಕೆ ತರುವುದೆಂದು ಆಗ ನಿಶ್ಚಯಿಸಿದರು. ಸಾಕಲಾರದಷ್ಟು ಮಕ್ಕಳನ್ನು ಹೆತ್ತ ಮನೆಯ ಕಥೆಯೇ ಇದು.

ನಮ್ಮ ದೇಶದಲ್ಲಿ ಯೂನಿಲಿವರಿನ ಮೂರು ಶಾಖೆಗಳು 1956ರಲ್ಲಿ ಸೇರಿ ಹಿಂದೂಸ್ಥಾನ್ ಲಿವರ್ ಆಯಿತು. 1961ರಲ್ಲಿ ಪ್ರಕಾಶ್ ಟಂಡನ್ನರು ಅದರ ಪ್ರಥಮ ಭಾರತೀಯ ಅಧ್ಯಕ್ಷರಾದರು. ಕೊಳ್ಳುವವನ ಕಣ್ಣಿಗೆ ಬೀಳದಂತೆ ಒಡೆತನವು ಹೇಗೆ ಬದಲಾಗುವುದೆಂಬುದಕ್ಕೆ ಇದರ ಚರಿತ್ರೆಯೇ ಸಾಕ್ಷಿ. ಟಾಟಾರವರ ‘ಹಮಾಮ್’ ಸಾಬೂನು 1993ರಲ್ಲಿ ಆ ಎಣ್ಣೆಯ ಕಂಪನಿಯೊಡನೆಯೇ ಲಿವರಿನವರ ಮನೆಗೆ ಸೇರಿತು. ಸ್ನಾನಮಾಡುವವರಿಗೆ ವ್ಯತ್ಯಾಸವೇ ಗೋಚರಿಸಲಿಲ್ಲ. ಬ್ರೂಕ್ ಬಾಂಡ್ ಮೇಲೋ ಲಿಪ್ಟನ್ ಮೇಲೋ ಎಂದು ಎಷ್ಟು ಮನೆಗಳಲ್ಲಿ ವಾದ ನಡೆದಿಲ್ಲ! ಆ ಎರಡೂ ಚಹದ ಕಂಪನಿಗಳು 1993ರಲ್ಲಿ ಒಂದಾದವು. 1996ರಲ್ಲಿ ಲಿವರಿನಲ್ಲಿ ಲೀನವಾದವು. ವಾದ ಮಾತ್ರ ನಿಂತಿಲ್ಲ.

ಹೊರಗಿನಿಂದ ಬಂದ ಒಬ್ಬನೇ ಸ್ಪರ್ಧಿಯು ಈ ಮನೆಯನ್ನು ನಡುಗಿಸಿದ ಪ್ರಸಂಗವೂ ಉಂಟು. ಗುಜರಾತಿನಲ್ಲಿ ಸರ್ಕಾರಿ ನೌಕರರಾಗಿದ್ದ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ತಾವೇ ಕಲಸಿ, ಸೈಕಲ್ಲಿನ ಮೇಲಿಟ್ಟು ಮನೆಮನೆಗೆ ಮಾರಿದರು. ಮಗಳು ನಿರುಪಮಾಳ ಹೆಸರಿನಿಂದಲೇ ಅದಕ್ಕೆ ‘ನಿರ್ಮಾ’ ಎಂದು ಹೆಸರು. ಅದರ ಬೆಲೆ ಲಿವರಿನವರ ‘ಸರ್ಫ್’ ಪುಡಿಯ ಬೆಲೆಯ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬಡವರ ಮನೆಯ ಪುಡಿಯೆಂದು ಮೊದಲು ಉಪೇಕ್ಷಿಸಿದ ಲಿವರಿನವರು, 1980ರ ದಶಕದ ಉತ್ತರಾರ್ಧದಲ್ಲಿ ಎಚ್ಚತ್ತರು. ಆದರೆ ಸರ್ಫಿನ ಬೆಲೆಯನ್ನು ಆ ಮಟ್ಟಕ್ಕೆ ಇಳಿಸಲಿಲ್ಲ. ಇಳಿಸಿದ್ದರೆ ಮೇಲ್ದರ್ಜೆಯೆಂಬ ಅದರ ಮಾನವೇ ಹೋಗುತ್ತಿತ್ತು. ಬದಲಾಗಿ ‘ವ್ಹೀಲ್’ ಎಂಬ ಬೇರೊಂದು ಅಗ್ಗದ ಮಾರ್ಕನ್ನು ಹುಟ್ಟಿಸಿ ಕಾಳಗಕ್ಕೆ ಕಳುಹಿಸಿದರು. ಒಂದೇ ಮನೆಯಲ್ಲಿ ಹಲವು ಹೆಸರುಗಳೇಕೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾವು ಕಾಣೆವು: ಧನಿಕನಿಗೂ ಬಡವನಿಗೂ ಒಂದೇ ಹೆಸರಿನಿಂದ ಮಾರಲಾಗದು.

ಹಾಗಾದರೆ ವಂಚನೆಯೇ? ಅಲ್ಲವೆಂದೇ ನಮ್ಮ ಮತ. ಸೋದರರ ಸ್ಪರ್ಧೆಯು ನಿಜವಾದದ್ದು. ಅದರಿಂದ ಸರಕು ಸುಧಾರಿಸಿದುದೂ ಉಂಟು. ಆದರೆ ಅವರ ಜಗಳದ ವೆಚ್ಚ, ಅಂದರೆ ಜಾಹೀರಾತಿನ ವೆಚ್ಚ, ಬೆಲೆಯಲ್ಲಿ ಸೇರಿ ನಮ್ಮ ಮೇಲೆಯೇ ಬೀಳುವುದು. ಯಾರು ಗೆದ್ದರೂ ಹಣ ಸೇರುವುದು ಒಂದೇ ಪೆಟ್ಟಿಗೆಗೆ. ಹಿಂಬದಿಯ ಸಣ್ಣಕ್ಷರಗಳಲ್ಲಿ ತಯಾರಕನ ಹೆಸರು ವಿಳಾಸಗಳನ್ನು ಅಚ್ಚುಹಾಕಲೇಬೇಕೆಂದು ಕಾನೂನಿದೆ. ಅಲ್ಲಿಯೇ ‘ಟಿ.ಎಫ್.ಎಂ.’ ಎಂಬ ಒಂದು ಅಂಕಿಯನ್ನೂ ಗೃಹಿಣಿಯರು ಕಾಣಬಹುದು. ಅದು ಸಾಬೂನಿನಲ್ಲಿರುವ ಕೊಬ್ಬಿನ ಅಂಶದ ಪ್ರಮಾಣ. ಭಾರತೀಯ ಮಾನಕದಂತೆ ಮೈಸಾಬೂನಿನ ಮೊದಲ ದರ್ಜೆಗೆ ನೂರಕ್ಕೆ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಕನಿಷ್ಠವಾಗಿರಬೇಕು. ಅದಕ್ಕಿಂತಲೂ ಕಡಿಮೆಯಿರುವುದಕ್ಕೆ ‘ಬಾತಿಂಗ್ ಬಾರ್’ ಎಂದು ಹೆಸರಿಟ್ಟಿರುತ್ತಾರೆ. ಒಂದೇ ಮನೆಯ ಎರಡು ಸಾಬೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಅಂಕಿಯನ್ನೂ ತೂಕವನ್ನೂ ಬೆಲೆಯನ್ನೂ ಹೋಲಿಸಿದರೆ, ಮುಂಬದಿಯ ಚಿತ್ರವು ಹೇಳದ ಸಂಗತಿ ಐದು ನಿಮಿಷಗಳಲ್ಲಿ ತಿಳಿಯುವುದು.