ಒಪ್ಪಂದಕ್ಕೆ ಕಾವಲು ಯಾರು?

ಹೊಲದ ಬದುವಿನ ತಂಟೆ ರಾಜಿಯಾದರೆ, ಕಾಗದಕ್ಕೆ ಸಹಿ ಬಿದ್ದ ಕೂಡಲೇ ಯಾರೂ ಎದ್ದು ಹೋಗುವುದಿಲ್ಲ. ಬಾಂದುಕಲ್ಲು ನೆಡುವಾಗ ಎರಡೂ ಕಡೆಗೆ ಸಂಬಂಧವಿಲ್ಲದ ಪಂಚರು ಎದುರಿಗಿರಬೇಕು. ಯುದ್ಧ ನಿಲ್ಲಿಸುವ ಒಪ್ಪಂದಗಳಿಗೂ ಅಂಥ ಪಂಚರು ಬೇಕು ಎಂಬುದನ್ನು ಜಗತ್ತು ತಡವಾಗಿ ಕಲಿಯಿತು.

ಪಂಚರಿಲ್ಲದ ಒಪ್ಪಂದದ ಗತಿ ಏನು ಎಂಬುದನ್ನು ತಿಳಿಯಲು ಹವಳಗಾದ ಓದುಗರು ದೂರ ಹೋಗಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. 1947ರ ನವೆಂಬರ್ 29ರಂದು ನಿಜಾಮರು ಮತ್ತು ಭಾರತ ಸರ್ಕಾರದ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ತಕರಾರು ಬಂದರೆ ಮಧ್ಯಸ್ಥರಿಗೆ ಒಪ್ಪಿಸಬೇಕೆಂಬ ಕಲಮೂ ಅದರಲ್ಲಿತ್ತು. ಆದರೆ ನೆಲದ ಮೇಲೆ ನಿಂತು ನೋಡುವ ಮೂರನೆಯವರು ಇರಲಿಲ್ಲ. ನಮಗೆ ಬರುವ ಸರಕು ತಡೆದಿದ್ದಾರೆಂದು ಹೈದರಾಬಾದ್ ದೂರಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿದ್ದೀರಿ, ರಜಾಕಾರರನ್ನು ಹದ್ದುಬಸ್ತಿನಲ್ಲಿಟ್ಟಿಲ್ಲ ಎಂದು ದೆಹಲಿ ದೂರಿತು. ಗಡಿಯ ಹಳ್ಳಿಗಳಲ್ಲಿ ನಡೆದದ್ದಕ್ಕೆ ಇಬ್ಬರೂ ಒಪ್ಪುವ ದಾಖಲೆಯೇ ಹುಟ್ಟಲಿಲ್ಲ. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ವಿಶ್ವಸಂಸ್ಥೆಯ ಬಾಗಿಲು ತಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ವರ್ಷದ ಒಪ್ಪಂದ ಹತ್ತು ತಿಂಗಳೂ ಬಾಳಲಿಲ್ಲ.

ಇದಾದ ಐದು ವರ್ಷಕ್ಕೆ ದೂರದ ಕೊರಿಯಾದಲ್ಲಿ ಪಂಚರನ್ನು ಕರೆಯಲಾಯಿತು. ಮುಖ್ಯ ಪಂಚರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಒಂದೇ ನುಡಿಯಾಡುವ ಉತ್ತರ-ದಕ್ಷಿಣದವರ ಕಾಳಗವಾಗಿ 1950ರಲ್ಲಿ ಶುರುವಾದ ಈ ಯುದ್ಧಕ್ಕೆ ಅಮೆರಿಕ, ಚೀನಾಗಳೂ ಧುಮುಕಿದ್ದವು. 1953ರ ಜುಲೈ 27ರಂದು ಕದನ ವಿರಾಮಕ್ಕೆ ಸಹಿ ಬಿತ್ತು. ಮಾತುಕತೆಯನ್ನು ಬಹುಕಾಲ ಎಳೆದದ್ದು ಕೈದಿಗಳ ಪ್ರಶ್ನೆ. ವಿಶ್ವಸಂಸ್ಥೆಯ ಸೇನೆ ಹಿಡಿದಿದ್ದ ಚೀನೀ ಮತ್ತು ಉತ್ತರ ಕೊರಿಯಾ ಸೈನಿಕರಲ್ಲಿ 22,600ಕ್ಕೂ ಹೆಚ್ಚು ಮಂದಿ ಊರಿಗೆ ಮರಳುವುದಿಲ್ಲ ಎನ್ನುತ್ತಿದ್ದರು. ಆ ಕಡೆಯ ವಶದಲ್ಲೂ ಅಂಥವರು 359 ಮಂದಿ. ಅದು ಅವರ ಮನಸ್ಸಿನ ಮಾತೋ, ಯಾರದೋ ಬೆದರಿಕೆಯೋ? ಅದನ್ನು ತಿಳಿಯಲೆಂದೇ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳ ಕಾವಲು ಮೇಜರ್ ಜನರಲ್ ತೋರತ್ ಅವರ ಭಾರತೀಯ ಪಡೆಯದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಂತೂ ಭಾರತೀಯರು ನಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದರು. ಹೀಗಾಗಿ ನಮ್ಮ ಜವಾನರನ್ನು ಹೆಲಿಕಾಪ್ಟರ್‌ನಲ್ಲಿ ಹೊತ್ತು ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು!

ಒಪ್ಪಂದದ ಪ್ರಕಾರ ಪ್ರತಿ ಕೈದಿಯನ್ನೂ ಡೇರೆಗೆ ಕರೆತಂದು, ಅವನ ದೇಶದವರು ವಿವರಣೆ ಕೊಡಬೇಕು. ಅನಂತರ ಅವನು ತನ್ನ ಇಚ್ಛೆ ಹೇಳಬೇಕು. ಇದಕ್ಕೆ 90 ದಿನಗಳ ಗಡುವು. ಆದರೆ ಕೈದಿಗಳ ಬೇಲಿಯೊಳಗೆ ಅವರದೇ ಮುಖಂಡರ ದರ್ಬಾರು ನಡೆದಿತ್ತು. ಅನೇಕರು ಡೇರೆಗೆ ಬರಲೇ ಒಪ್ಪಲಿಲ್ಲ. ಒಮ್ಮೆ ಭಾರತದ ಮೇಜರ್ ಒಬ್ಬರನ್ನೇ ಒಳಗೆ ಎಳೆದೊಯ್ದರು. ತೋರತ್ ನಿರಾಯುಧರಾಗಿ ಹೋಗಿ ಬಿಡಿಸಿ ತಂದರು. ಬಲ ಪ್ರಯೋಗಿಸಿಯಾದರೂ ಕರೆತನ್ನಿ ಎಂದು ಪೋಲೆಂಡ್, ಚೆಕೊಸ್ಲೊವಾಕಿಯಾ ಒತ್ತಾಯಿಸಿದವು. ಹಾಗೆ ಮಾಡಿದರೆ ನಾವು ಹೊರಟೆವು ಎಂದಿತು ಸ್ವಿಟ್ಜರ್ಲೆಂಡ್. ನಿರ್ಣಯ ಭಾರತದ ಕೈಯಲ್ಲಿತ್ತು. ತಿಮ್ಮಯ್ಯ ಗುಂಡು ಹಾರಿಸಿ ಕೈದಿಗಳ ಮನಸ್ಸು ತಿಳಿಯಲು ಒಪ್ಪಲಿಲ್ಲ. ಇಲ್ಲಿ ಅವರದು ಬರೀ ಮೃದುತ್ವವೆಂದು ನನಗೆ ತೋರುವುದಿಲ್ಲ. ಪಂಚನೇ ಬಡಿಗೆ ಎತ್ತಿದರೆ ಅವನೂ ಒಬ್ಬ ಕಕ್ಷಿಗಾರನಾಗುತ್ತಾನೆ.

ಡಿಸೆಂಬರ್ 23ಕ್ಕೆ ಗಡುವು ಮುಗಿದಾಗ ವಿವರಣೆ ಕೇಳಿದ್ದವರು ಸುಮಾರು ಮೂರು ಸಾವಿರ ಮಂದಿ ಮಾತ್ರ. ಉಳಿದವರ ಭವಿಷ್ಯ ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯ ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ಮರಳಿಸಿದರು. ವಿಶ್ವಸಂಸ್ಥೆಯ ಸೇನೆ ಅವರನ್ನು ಬಿಟ್ಟುಬಿಟ್ಟಿತು; ಚೀನಾ ಪ್ರತಿಭಟಿಸಿತು. ಎರಡೂ ಕಡೆ ಹೋಗಲೊಲ್ಲದ 88 ಮಂದಿ ಭಾರತದ ಪಡೆಯೊಂದಿಗೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. ಕೆಲಸ ಅರ್ಧವಾಯಿತೆಂದು ಟೀಕಿಸಿದವರುಂಟು. ಅದು ಸುಳ್ಳಲ್ಲ. ಆದರೆ ಕೈದಿಗಳ ನೆಪದಲ್ಲಿ ಯುದ್ಧ ಮತ್ತೆ ಹೊತ್ತಲಿಲ್ಲ.

ಸೇನಾ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ತಿಮ್ಮಯ್ಯ ಅವರಿಗೆ 1964ರಲ್ಲಿ ಮತ್ತೆ ಕರೆ ಬಂತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಬಡಿದಾಡುತ್ತಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ. ರಾಜಧಾನಿ ನಿಕೋಸಿಯಾವನ್ನು ಸೀಳಿದ್ದ ಗೆರೆಯನ್ನು ಬ್ರಿಟಿಷ್ ಅಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದಿದ್ದರು; ಅದಕ್ಕೆ ಹಸಿರು ರೇಖೆ ಎಂದೇ ಹೆಸರಾಯಿತು. 1965ರ ಡಿಸೆಂಬರ್ 18ರಂದು ತಿಮ್ಮಯ್ಯ ಅಲ್ಲಿಯೇ, ಹುದ್ದೆಯಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. 1974ರಲ್ಲಿ ತುರ್ಕಿಯ ಸೇನೆ ಇಳಿದು ದ್ವೀಪ ಎರಡಾಯಿತು. ವಿಶ್ವಸಂಸ್ಥೆಯ ಆ ಪಡೆ ಇಂದಿಗೂ ನಡುವಿನ ಪಟ್ಟಿಯಲ್ಲಿ ಗಸ್ತು ತಿರುಗುತ್ತಿದೆ.